ಯೂರ್-ಲೆಕ್ಸ್: ಯಾರ ಅಧಿಕಾರ ಎಷ್ಟು ಎಂದು ನೋಡಲು

ಧಾರವಾಡದಲ್ಲಿ ಕಾನೂನು ಪಾಠ ಮಾಡುವ ನನಗೆ ಯೂರೋಪಿಯನ್ ಒಕ್ಕೂಟದ ಈ ಉಚಿತ ಕಾನೂನು ತಾಣ ತುಂಬಾ ಹಿಡಿಸಿದೆ. ಓದಲು ಲಾಗಿನ್ ಕೂಡ ಬೇಡ. ಒಕ್ಕೂಟದ ಕಾರ್ಯನಿರ್ವಹಣೆಯ ಒಪ್ಪಂದ ತೆಗೆದು 3ನೇ ವಿಧಿಗೆ ಹೋಗಿ. ಕಸ್ಟಮ್ಸ್, ವಿದೇಶಿ ವ್ಯಾಪಾರ ನೀತಿ, ಯೂರೋ ದೇಶಗಳ ಹಣದ ನೀತಿ ಪೂರ್ತಿ ಒಕ್ಕೂಟದ ಕೈಯಲ್ಲಿ. ಸಮುದ್ರದ ಮೀನುಸಂಪತ್ತಿನ ರಕ್ಷಣೆಯೂ ಅದೇ ಪಟ್ಟಿಯಲ್ಲಿದೆ! ಕ್ಲಾಸಿನಲ್ಲಿ ಜಾಸ್ತಿ ಪ್ರಶ್ನೆ ಬರುವುದು ಇದಕ್ಕೇ. 4ನೇ ವಿಧಿಯ ಕೃಷಿ, ಪರಿಸರ ಒಕ್ಕೂಟ ಮತ್ತು ಸದಸ್ಯ ದೇಶಗಳು ಇಬ್ಬರಿಗೂ ಸೇರಿದ್ದು. 6ನೇ ವಿಧಿಯ ಶಿಕ್ಷಣ, ಪ್ರವಾಸೋದ್ಯಮದಲ್ಲಿ ಒಕ್ಕೂಟ ಬೆಂಬಲ ಮಾತ್ರ ಕೊಡಬಹುದು.

ನಮ್ಮ ಸಂವಿಧಾನದಲ್ಲಿ ಯಾವ ಪಟ್ಟಿಗೂ ಸೇರದ ವಿಷಯ ಕೇಂದ್ರಕ್ಕೆ ಹೋಗುತ್ತದೆ, ಅಲ್ವಾ? ಅಲ್ಲಿ ಉಲ್ಟಾ. ಒಪ್ಪಂದದಲ್ಲಿ ಕೊಡದ ಅಧಿಕಾರವೆಲ್ಲ ಸದಸ್ಯ ದೇಶಗಳಲ್ಲೇ ಉಳಿಯುತ್ತದೆ. ಇದನ್ನು ಮೂಲ ಪಠ್ಯದಲ್ಲೇ ತೋರಿಸಲು ಆಗುವುದು ದೊಡ್ಡ ಅನುಕೂಲ.

ಒಪ್ಪಂದಗಳು 24 ಭಾಷೆಗಳಲ್ಲಿವೆ. ಮೂರು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ಓದಬಹುದು. ಹೊಸಬರು ಸಾರಾಂಶಗಳ ವಿಭಾಗದಿಂದ ಶುರು ಮಾಡಿ. 3ನೇ ವಿಧಿಯ ಎರಡನೇ ಭಾಗ ಮಾತ್ರ ಬಿಗಿಯಾಗಿದೆ, ನಿಧಾನವಾಗಿ ಓದಿ.