ಅಂಚು ಸುಟ್ಟ ಕಾಗದ ತೋರಿಸಿ ಕಥೆ ಹೇಳಿದರೆ ದುಡ್ಡು ಕಳಿಸಬೇಡಿ

ಸಲಿಂಗಪ್ರೇಮದ ಸಾಹಿತ್ಯ ಚರಿತ್ರೆಗೆ ಸೇರಿದ ಹಳೆಯ ಪುಸ್ತಕ, ಫೋಟೊ, ಪತ್ರಿಕೆ, ಕರಪತ್ರಗಳನ್ನು ಹುಡುಕಿ ಕೂಡಿಡುವವರು ಹೆಚ್ಚಿಲ್ಲ. ಆದರೂ ಈಚೆಗೆ ಹೊಸಬರು ಬರುತ್ತಿದ್ದಾರೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಬ್ಬ ಮಾರಾಟಗಾರ ಎರಡು ವರ್ಷ ನನ್ನ ನಂಬಿಕೆ ಗಳಿಸಿ, ಆಮೇಲೆ ನುಣ್ಣಗೆ ಟೋಪಿ ಹಾಕಿದ. ಹೋದ ದುಡ್ಡು ವಾಪಸ್ ಬಂದಿಲ್ಲ, ಇನ್ನು ಬರುವುದೂ ಇಲ್ಲ. ಅವನು ಹೇಗೆ ಮಾಡಿದ ಅನ್ನುವುದನ್ನು ಬಿಡಿಸಿ ಹೇಳಿದರೆ ನಿಮ್ಮಲ್ಲಿ ಒಬ್ಬರಾದರೂ ಬಚಾವಾಗಬಹುದು.

ಶುರುವಾದದ್ದು ಸಣ್ಣದರಿಂದ. ಆನ್‌ಲೈನ್ ಹರಾಜಿನಲ್ಲಿ ಅವನಿಂದ ‘ಒನ್’ ಪತ್ರಿಕೆಯ ಮೂರು ಸಂಚಿಕೆ ಕೊಂಡೆ. 1953ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ, ಸಲಿಂಗಪ್ರೇಮಿಗಳ ಪತ್ರಿಕೆ ಅದು. ಅಶ್ಲೀಲ ಅಂತ ಅಂಚೆಯವರು ತಡೆದಾಗ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1958ರಲ್ಲಿ ಗೆದ್ದಿತ್ತು. ಬಂದ ಸಂಚಿಕೆಗಳು ಅಪ್ಪಟ ಅಸಲಿ. ಪ್ಯಾಕಿಂಗ್ ಅಚ್ಚುಕಟ್ಟು, ಮಾತು ಇನ್ನೂ ಅಚ್ಚುಕಟ್ಟು. ಹೀಗೇ ನಾಲ್ಕೈದು ಸಲ ಆಯಿತು. ಆಮೇಲೆ ಒಂದು ದಿನ, ‘ಇಲ್ಲಿ ಕಮಿಷನ್ ಬಹಳ ತಿಂತಾರೆ, ನೇರವಾಗಿ ನನ್ನ ಖಾತೆಗೆ ಹಾಕಿ, ಕಡಿಮೆಗೆ ಕೊಡ್ತೀನಿ’ ಅಂತ ಬರೆದ. ಹಾಕಿದೆ. ಹರಾಜು ತಾಣ ಕೊಳ್ಳುವವರಿಗೆ ಕೊಡುವ ರಕ್ಷಣೆಯನ್ನು ನಾನೇ ಕೈಯಾರೆ ಬಿಟ್ಟುಕೊಟ್ಟದ್ದು ಆವತ್ತು. ಇದೊಂದನ್ನು ನೆನಪಿಟ್ಟರೂ ಈ ಬರಹದ ಅರ್ಧ ಕೆಲಸ ಆದಂತೆ.

ಅವನು ಮೊದಲು ಕಳಿಸಿದ ದೊಡ್ಡ ವಸ್ತು, ಸಲಿಂಗಪ್ರೇಮಿ ಅನ್ನುವ ಕಾರಣಕ್ಕೆ ಜೈಲು ಕಂಡ ಐರಿಷ್ ಸಾಹಿತಿ ಆಸ್ಕರ್ ವೈಲ್ಡ್‌ನ ಫೋಟೊ. 1882ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ನೆಪೋಲಿಯನ್ ಸರೋನಿ ತೆಗೆದ ಸರಣಿಯ ಒಂದು ಕ್ಯಾಬಿನೆಟ್ ಕಾರ್ಡ್, ಅಂದರೆ ರಟ್ಟಿಗೆ ಅಂಟಿಸಿದ ಫೋಟೊ, ಅಂತ ಹೇಳಿದ. ಆ ಚಿತ್ರಗಳನ್ನು ನೀವೂ ನೋಡಿರುತ್ತೀರಿ: ಉದ್ದ ಕೂದಲು, ಮೊಣಕಾಲವರೆಗಿನ ಚಲ್ಲಣ, ರೇಷ್ಮೆ ಕಾಲುಚೀಲ. ಅವು ಎಷ್ಟು ಜನಪ್ರಿಯ ಅಂದರೆ, ಒಂದು ಕಂಪನಿ ಅದರಲ್ಲೊಂದನ್ನು ಸರೋನಿಯನ್ನು ಕೇಳದೆ 85,000 ಪ್ರತಿ ಅಚ್ಚು ಹಾಕಿತ್ತು. ಆ ಮೊಕದ್ದಮೆಯಲ್ಲೇ 1884ರಲ್ಲಿ ಫೋಟೊಗೂ ಹಕ್ಕುಸ್ವಾಮ್ಯ ಉಂಟು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು. ಇಷ್ಟೆಲ್ಲ ತಿಳಿದಿದ್ದೂ, ನಕಲುಗಳು ಆಗಲೇ ಅಷ್ಟಿದ್ದವು ಅನ್ನುವ ಯೋಚನೆ ನನಗೆ ಹೊಳೆಯಲಿಲ್ಲ.

ಕಾರಣ, ಅವನು ಹೇಳಿದ ಕಥೆ. ಫೋಟೊ ಬಂದದ್ದು ಟೈಟ್ ಸ್ಟ್ರೀಟ್ ಹರಾಜಿನಿಂದ ಅಂದ. 1895ರ ಏಪ್ರಿಲ್ 24ರಂದು, ವೈಲ್ಡ್ ಬಂಧನದಲ್ಲಿದ್ದಾಗ, ಸಾಲ ಕೊಟ್ಟವರ ಬಾಕಿಗಾಗಿ ಲಂಡನ್ನಿನ ಅವನ ಮನೆಯ ಸಾಮಾನನ್ನೆಲ್ಲ ಮಾರಿಬಿಟ್ಟರು. ಗೆಳೆಯರು ಸಹಿ ಹಾಕಿ ಕೊಟ್ಟ ಪುಸ್ತಕಗಳೂ ಮಕ್ಕಳ ಆಟಿಕೆಗಳೂ ಕಟ್ಟುಕಟ್ಟಾಗಿ ಹೋದವು. ಆ ದಿನದ ಬಗ್ಗೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಲ್ಲಿಂದ ಚೆಲ್ಲಾಪಿಲ್ಲಿಯಾದ ಒಂದು ಚೂರು ನನ್ನ ಕೈಗೆ ಬರುತ್ತಿದೆ ಅಂದರೆ ಬೇಡ ಅನ್ನಲು ಆದೀತೆ? ಆ ಹರಾಜಿನ ಹೆಸರು ಹೇಳಿ ಯಾವ ವಸ್ತುವಿಗೂ ಹುಟ್ಟುಕಥೆ ಕಟ್ಟಬಹುದು, ಪರೀಕ್ಷಿಸುವುದು ಕಷ್ಟ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ವೈಲ್ಡ್‌ನ ಕವನ ‘ದಿ ಬ್ಯಾಲಡ್ ಆಫ್ ರೆಡಿಂಗ್ ಜೈಲ್’ನ ಮೊದಲ ಮುದ್ರಣ ಅಂತ ಒಂದು ಪುಸ್ತಕ ಬಂತು. ಅದರ ಜೊತೆಗೆ ಇಬ್ಬರು ಗಂಡಸರ ಒಂದು ಹಳೆಯ ಫೋಟೊ. ಒಬ್ಬ ಕುರ್ಚಿಯಲ್ಲಿ ಕೂತಿದ್ದಾನೆ, ಇನ್ನೊಬ್ಬ ಪಕ್ಕದಲ್ಲಿ ನಿಂತು ಅವನ ಹೆಗಲ ಮೇಲೆ ಕೈ ಇಟ್ಟಿದ್ದಾನೆ. ಹಿಂದೆ ಪೆನ್ಸಿಲಿನಲ್ಲಿ ಇಂಗ್ಲಿಷಿನ ಒಂದು ಸಾಲು, ‘ನನ್ನ ಪ್ರಿಯನಿಗೆ, ಕೊನೆಯವರೆಗೂ’ ಅನ್ನುವ ಅರ್ಥದ್ದು. ಸತ್ಯ ಹೇಳಬೇಕೆಂದರೆ ವೈಲ್ಡ್‌ನ ಫೋಟೊಗಿಂತ ಇದೇ ನನಗೆ ಹೆಚ್ಚು ಹತ್ತಿರವಾಯಿತು. ಮೇಜಿನ ಮೇಲೆ, ಕಣ್ಣಿಗೆ ಬೀಳುವಲ್ಲಿ ಇಟ್ಟುಕೊಂಡಿದ್ದೆ.

ಕಣ್ಣು ತೆರೆಸಿದ್ದು ಸುಟ್ಟ ಕಾಗದ. ‘ಹಿರ್ಷ್‌ಫೆಲ್ಡ್ ಸಂಸ್ಥೆಯ ಬೆಂಕಿಯಿಂದ ಉಳಿದದ್ದು’ ಅಂತ ಹೇಳಿ ಒಂದು ಬಿಡಿ ಹಾಳೆಯ ಚಿತ್ರ ಕಳಿಸಿದ. ಸಲಿಂಗಪ್ರೇಮಿಗಳ ಹಕ್ಕಿಗಾಗಿ ಹೋರಾಡಿದ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಬರ್ಲಿನ್ನಿನಲ್ಲಿ ಕಟ್ಟಿದ ಲೈಂಗಿಕ ವಿಜ್ಞಾನ ಸಂಸ್ಥೆಗೆ 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ನುಗ್ಗಿ ಗ್ರಂಥಾಲಯ ದೋಚಿದರು. ಮೇ 10ರ ರಾತ್ರಿ ಬಯಲಿನಲ್ಲಿ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಹಾಳೆಯ ಮೂರು ಕಡೆ ಅಂಚು ಕಪ್ಪಾಗಿತ್ತು. ನೋಡಿ ಕಣ್ಣು ಒದ್ದೆಯಾಯಿತು, ದುಡ್ಡು ಹೊಂದಿಸಲು ಶುರು ಮಾಡಿಯೇಬಿಟ್ಟಿದ್ದೆ. ರಾತ್ರಿ ಮತ್ತೊಮ್ಮೆ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಸುಡದೆ ಉಳಿದ ಮೇಲ್ತುದಿಯಲ್ಲಿ ಸಣ್ಣಕ್ಷರದಲ್ಲಿ ಪತ್ರಿಕೆಯ ಹೆಸರಿತ್ತು: ‘ಡೆರ್ ಕ್ರೈಸ್’. ಜ್ಯೂರಿಕ್‌ನ ಪತ್ರಿಕೆ. ಅದು ಆ ಹೆಸರಿನಲ್ಲಿ ಬರತೊಡಗಿದ್ದು 1943ರಲ್ಲಿ, ನಿಂತದ್ದು 1967ರಲ್ಲಿ. ಬರ್ಲಿನ್ನಿನ ಬೆಂಕಿ ಆರಿ ಹತ್ತು ವರ್ಷದ ಮೇಲೆ ಬಂದ ಹೆಸರು!

ಹಾಳೆ ಅಸಲಿ. ಬೆಂಕಿ ಮಾತ್ರ ಅವನದು. ಯುದ್ಧದ ಕಾಲದಲ್ಲೂ ಆಮೇಲೂ ಸಲಿಂಗಪ್ರೇಮಿಗಳು ಗುಟ್ಟಾಗಿ ಚಂದಾ ಕಟ್ಟಿ ತರಿಸಿ ಓದುತ್ತಿದ್ದ ಪತ್ರಿಕೆಯದು. ಯಾರೋ ಹೆದರುತ್ತ ಜೋಪಾನ ಮಾಡಿದ್ದ ಸಂಚಿಕೆಯನ್ನು ಹರಿದು, ನಾಜಿಗಳು ಸುಟ್ಟಂತೆ ಕಾಣಲಿ ಅಂತ ತಾನೇ ಸುಟ್ಟಿದ್ದಾನೆ. ದುಡ್ಡು ಹೋದದ್ದಕ್ಕೆ ಇಷ್ಟು ಸಿಟ್ಟು ಬಂದಿರಲಿಲ್ಲ.

ಆ ರಾತ್ರಿಯೇ ಉಳಿದದ್ದನ್ನೆಲ್ಲ ಹೊರಗೆ ತೆಗೆದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ವೈಲ್ಡ್‌ನ ಕೆನ್ನೆ ನೋಡಿದೆ: ಸಾಲು ಸಾಲು ಚುಕ್ಕೆ. ಆ ಕಾಲದ ಇಂಥ ಫೋಟೊಗಳನ್ನು ಮೊಟ್ಟೆಯ ಬಿಳಿ ಲೋಳೆ ಸವರಿದ ತೆಳು ಕಾಗದದಲ್ಲಿ ಮೂಡಿಸಿ ರಟ್ಟಿಗೆ ಅಂಟಿಸುತ್ತಿದ್ದರು. ಅದರಲ್ಲಿ ನೆರಳು ಒಂದೇ ಹದದಲ್ಲಿ ಕರಗುತ್ತ ಹೋಗುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಚುಕ್ಕೆ ಕಂಡರೆ ಅದು ಅಚ್ಚಿನ ಯಂತ್ರದ ಕೆಲಸ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಬಿಟ್ಟೆ. ರಟ್ಟು ಸುಮ್ಮನಿತ್ತು, ಚಿತ್ರದ ಕಾಗದ ಬಿಳಿನೀಲಿಯಾಗಿ ಫಳಫಳ ಹೊಳೆಯಿತು. ಕಾಗದಕ್ಕೆ ಆ ಹೊಳಪಿನ ರಾಸಾಯನಿಕ ಸೇರಿಸುವುದು ಶುರುವಾದದ್ದು ಸುಮಾರು 1950ರ ಹೊತ್ತಿಗೆ. ಅಂದರೆ ಸರೋನಿಯ ಹೆಸರಿದ್ದ ಹಳೆಯ ರಟ್ಟಿಗೆ ಹೊಸ ಚಿತ್ರ ಅಂಟಿಸಿದ್ದಾನೆ. ಆ ರಟ್ಟಿನ ಮೇಲೆ ಮೊದಲು ಯಾರ ಮುಖವಿತ್ತೋ.

ಪುಸ್ತಕದ ಮೋಸ ಬೇರೆ ಥರದ್ದು. ಅದು ನಕಲಿ ಅಲ್ಲ. ಆ ಕವನ 1898ರ ಫೆಬ್ರುವರಿಯಲ್ಲಿ ಲಿಯೊನಾರ್ಡ್ ಸ್ಮಿದರ್ಸ್ ಪ್ರಕಟಿಸಿದಾಗ ಕವಿಯ ಹೆಸರಿನ ಜಾಗದಲ್ಲಿ ಇದ್ದದ್ದು ‘ಸಿ.3.3.’ ಅಷ್ಟೇ, ಜೈಲಿನಲ್ಲಿ ವೈಲ್ಡ್‌ನ ಕೋಣೆಯ ಗುರುತು. ಅವನ ಹೆಸರು ಕಂಸದೊಳಗೆ ಕಾಣಿಸಿಕೊಂಡದ್ದು 1899ರ ಏಳನೆಯ ಮುದ್ರಣದಲ್ಲಿ. ನನ್ನ ಪ್ರತಿಯಲ್ಲಿ ಹೆಸರಿತ್ತು. ಅವನು ನನಗೆ ಹೊದಿಕೆ, ಬೆನ್ನು, ಒಳಗಿನ ಎರಡು ಪುಟದ ಚಿತ್ರ ಕಳಿಸಿದ್ದ. ಶೀರ್ಷಿಕೆ ಪುಟದ್ದು ಕಳಿಸಿರಲಿಲ್ಲ. ನಾನೂ ಕೇಳಿರಲಿಲ್ಲ. ಅಂಚೆಯಲ್ಲಿ ಬಂದ ಮೇಲೂ ಪದ್ಯವನ್ನು ಓದಿದೆನೇ ಹೊರತು ಆ ಪುಟವನ್ನು ಆ ಕಣ್ಣಿನಿಂದ ನೋಡಲಿಲ್ಲ.

ಕೊನೆಗೆ ಆ ಇಬ್ಬರ ಫೋಟೊ. ಇದನ್ನು ತಿರುಗಿಸಲು ಕೈ ಬರಲಿಲ್ಲ, ಆದರೂ ತಿರುಗಿಸಿದೆ. ಫೋಟೊ ಅಸಲಿ, ಚುಕ್ಕೆ ಇಲ್ಲ, ಹೊಳಪಿಲ್ಲ. ಆದರೆ ಹಿಂದೆ ಆಲ್ಬಮಿನಿಂದ ಕಿತ್ತಾಗ ಉಳಿದ ಕಪ್ಪು ಕಾಗದದ ಸಿಪ್ಪೆ ಅಂಟಿಕೊಂಡಿತ್ತು. ‘ಪ್ರಿಯ’ ಅನ್ನುವ ಅರ್ಥದ ಆ ಪದದ ಎರಡು ಅಕ್ಷರ ಕಾಗದದ ಮೇಲಿಂದ ಹತ್ತಿ ಸಿಪ್ಪೆಯ ಮೇಲೆ ಹರಿದು ಮತ್ತೆ ಕೆಳಗಿಳಿದಿದ್ದವು. ಓರೆ ಬೆಳಕಿನಲ್ಲಿ ಪೆನ್ಸಿಲಿನ ಸೀಸ ಸಿಪ್ಪೆಯ ಅಂಚಿನಲ್ಲಿ ಮಿಣುಗುತ್ತಿತ್ತು. ಆಲ್ಬಮಿನಿಂದ ಕಿತ್ತ ಮೇಲೆ ಬರೆದದ್ದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

19ನೆಯ ಶತಮಾನದಲ್ಲಿ ಗೆಳೆಯರು, ಅಣ್ಣತಮ್ಮಂದಿರು, ಸಹೋದ್ಯೋಗಿಗಳು ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುವುದು ತೀರ ಸಾಮಾನ್ಯವಾಗಿತ್ತು. ಈ ಇಬ್ಬರು ಪ್ರೇಮಿಗಳೂ ಆಗಿರಬಹುದು. ಅದನ್ನು ತಿಳಿಯುವ ದಾರಿ ಇದ್ದದ್ದು ಆ ಆಲ್ಬಮಿನಲ್ಲಿ, ಅಕ್ಕಪಕ್ಕದ ಫೋಟೊಗಳಲ್ಲಿ, ಕೆಳಗೆ ಬರೆದಿದ್ದಿರಬಹುದಾದ ಹೆಸರುಗಳಲ್ಲಿ. ಒಂದೊಂದನ್ನೇ ಬಿಡಿಯಾಗಿ ಮಾರಿದರೆ ಲಾಭ ಜಾಸ್ತಿ ಅಂತ ಆಲ್ಬಮ್ಮನ್ನು ಕಿತ್ತು ಹಾಕಿದ್ದಾನೆ. ನಮ್ಮಂಥವರು ಇಂಥ ಸಾಲಿಗೆ ಹಾತೊರೆಯುತ್ತೇವೆ ಅನ್ನುವುದು ಗೊತ್ತಿದ್ದು ಅದನ್ನು ತಾನೇ ಬರೆದಿದ್ದಾನೆ. ಈ ವ್ಯಾಪಾರದಲ್ಲಿ ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇದನ್ನೆಲ್ಲ ಅವನಿಗೆ ಬರೆದು ಕೇಳಿದಾಗ, ಮೊದಲ ಸಲ ‘ಪ್ರಮಾಣಪತ್ರ ಕೊಟ್ಟಿದ್ದೇನಲ್ಲ’ ಅಂದ. ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದವನೂ ಅವನೇ. ಮಾರುವವನೇ ಬರೆದುಕೊಟ್ಟ ಪತ್ರಕ್ಕೆ ಬೆಲೆಯಿಲ್ಲ ಅನ್ನುವುದು ಹೊಸಬರಿಗೆ ತಿಳಿದಿರಲಿ. ಇನ್ನೊಮ್ಮೆ ಬರೆದಾಗ ಉತ್ತರವೇ ಇಲ್ಲ. ಹರಾಜು ತಾಣದವರು ಹೊರಗಿನ ವ್ಯವಹಾರ ತಮಗೆ ಸಂಬಂಧವಿಲ್ಲ ಅಂದರು. ಬ್ಯಾಂಕಿನವರು ದೂರು ಬರೆದುಕೊಂಡರು.

ಮೋಸ ಹೋದೆ ಅಂತ ಹೇಳಿಕೊಳ್ಳಲು ನಾಚಿಕೆಪಟ್ಟು ಸುಮ್ಮನಿರಬೇಡಿ. 1922ರಲ್ಲಿ ಮೆಥುಯೆನ್‌ನಂಥ ಪ್ರಕಾಶನವೇ ವೈಲ್ಡ್ ಬರೆದದ್ದು ಅಂತ ನಂಬಿ ಒಂದು ನಾಟಕ ಪ್ರಕಟಿಸಿತು. ಅದು ಖೊಟ್ಟಿ ಅಂತ ಗಟ್ಟಿಯಾಗಿ ಹೇಳಿದವರು ವೈಲ್ಡ್‌ನ ಪುಸ್ತಕಗಳ ಸೂಚಿಯನ್ನು ತಯಾರಿಸಿದ್ದ ಕ್ರಿಸ್ಟೊಫರ್ ಮಿಲಾರ್ಡ್. ಸಲಿಂಗಪ್ರೇಮಿ ಅನ್ನುವ ಕಾರಣಕ್ಕೆ ತಾವೂ ಜೈಲು ಕಂಡವರು. ಪ್ರಕಾಶಕರು ಮಾನನಷ್ಟ ಮೊಕದ್ದಮೆ ಹೂಡಿದರು, 1926ರಲ್ಲಿ ಮಿಲಾರ್ಡ್ ಸೋತರು. ನಾಟಕದ ಬಗ್ಗೆ ಅವರು ಹೇಳಿದ್ದೇ ನಿಜವಾಗಿತ್ತು.

ಈಗ ನಾನು ಕೊಳ್ಳುವ ಮೊದಲು ಶೀರ್ಷಿಕೆ ಪುಟ, ಅದರ ಹಿಂಬದಿ, ಫೋಟೊ ಆದರೆ ಹಿಂಭಾಗ, ಓರೆ ಬೆಳಕಿನಲ್ಲಿ ಒಂದು ಚಿತ್ರ ಇಷ್ಟನ್ನು ಕೇಳುತ್ತೇನೆ. ಗ್ರಂಥಾಲಯದ ಮೊಹರು ಅಳಿಸಿದ ಗುರುತಿದ್ದರೆ ಮುಟ್ಟುವುದೇ ಇಲ್ಲ, ಅದು ಕದ್ದ ಮಾಲಾಗಿರಬಹುದು. ಯಾರಿಂದ ಯಾರಿಗೆ ಬಂತು ಅಂದರೆ ಕಥೆ ಸಾಲದು, ರಸೀದಿಯೋ ಹಳೆಯ ಹರಾಜಿನ ಪಟ್ಟಿಯೋ ಬೇಕು. ಇನ್ನೊಬ್ಬರು ಕೇಳ್ತಿದ್ದಾರೆ, ಇವತ್ತೇ ಹೇಳಿ ಅಂದರೆ, ಅವರಿಗೇ ಕೊಡಿ ಅನ್ನುತ್ತೇನೆ.

ಇಬ್ಬರು ಗಂಡಸರ ಫೋಟೊವನ್ನು ನಾನು ಎಸೆಯಲಿಲ್ಲ. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಇಟ್ಟಿದ್ದೇನೆ. ಲಕೋಟೆಯ ಮೇಲೆ ಹೀಗೆ ಬರೆದಿದ್ದೇನೆ: ‘ಇಬ್ಬರು ಗಂಡಸರು. ಹೆಸರು, ಊರು, ಸಂಬಂಧ ತಿಳಿಯದು. ಆಲ್ಬಮಿನಿಂದ ಕಿತ್ತದ್ದು. ಹಿಂದಿನ ಬರಹ ಇವರದಲ್ಲ.’