ಕಾಗದದ ಹಣ್ಣು: ಚಿಕ್ಕ ಮಕ್ಕಳ ಕೈಗೆ ಯಾವ ವಿಧಾನ ಒಗ್ಗುತ್ತದೆ?

ಕೊಡಗಿನಲ್ಲಿ ಜೂನ್ ಬಂತೆಂದರೆ ಮಕ್ಕಳು ಮನೆಯೊಳಗೇ. ಮಳೆ ಜೋರಾದರೆ ಶಾಲೆಗೂ ಅಂಗನವಾಡಿಗೂ ರಜೆ ಕೊಡುತ್ತಾರೆ. ಗೋಣಿಕೊಪ್ಪದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಆಗ ನನ್ನ ಮಗಳು, ಅವಳ ಅಣ್ಣ, ಲೈನ್ ಮನೆಯ (ಕಾಫಿ ತೋಟದ ಕೆಲಸಗಾರರ ಸಾಲು ಮನೆ) ಮಕ್ಕಳು ಎಲ್ಲ ಸೇರುತ್ತಾರೆ. ಚಿಕ್ಕವರಿಗೆ ಮೂರು ವರ್ಷ, ದೊಡ್ಡವರಿಗೆ ಏಳು. ಕಾಗದದಲ್ಲಿ ಹಣ್ಣು ಮಾಡುವ ಬೇರೆ ಬೇರೆ ವಿಧಾನಗಳನ್ನು ಇವರ ಜೊತೆ ಕೂತು ಮಾಡಿ ನೋಡಿದ್ದೇನೆ. ನಾನು ಮುಖ್ಯವಾಗಿ ನೋಡಿದ್ದು ಒಂದೇ ವಿಷಯ. ಹಣ್ಣು ಮುಗಿದಾಗ ಅದರಲ್ಲಿ ಮಗುವಿನ ಕೆಲಸ ಎಷ್ಟು, ನನ್ನ ಕೆಲಸ ಎಷ್ಟು?

ಹಾಗೆ ನೋಡಿದರೆ ಹರಿದು ಅಂಟಿಸುವುದೇ ಎಲ್ಲಕ್ಕಿಂತ ಮುಂದೆ. ದಪ್ಪ ಹಾಳೆಯ ಮೇಲೆ ಹಣ್ಣಿನ ಆಕಾರ ಬರೆದು ಕೊಡಿ. ಬಣ್ಣದ ಕಾಗದ ಕೊಟ್ಟು ಚೂರು ಮಾಡಲು ಹೇಳಿ. ಕತ್ತರಿ ಬೇಡವೇ ಬೇಡ. ಹರಿಯುವಾಗ ಒಂದು ಕೈ ಮುಂದಕ್ಕೆ ಹೋಗಬೇಕು, ಇನ್ನೊಂದು ಹಿಂದಕ್ಕೆ ಬರಬೇಕು, ಎರಡೂ ಕಡೆ ಹೆಬ್ಬೆರಳು ತೋರುಬೆರಳು ಬಿಗಿಯಾಗಿ ಹಿಡಿಯಬೇಕು. ಮುಂದೆ ಕತ್ತರಿ, ಪೆನ್ಸಿಲ್ ಹಿಡಿಯುವುದಕ್ಕೆ ಬೇಕಾದ ಬಲ ಇಲ್ಲೇ ಬರುತ್ತದೆ. ಮೊದಲು ಹಳೇ ಪೇಪರ್ ಕೊಟ್ಟು ರೂಢಿ ಮಾಡಿಸಿ. ಯಂತ್ರದಲ್ಲಿ ಕಾಗದ ತಯಾರಾಗುವಾಗ ಅದರ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತದೆ. ಅದಕ್ಕೇ ಪೇಪರ್ ಒಂದು ಕಡೆಗೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆಗೆ ಸೊಟ್ಟ ಹೋಗುತ್ತದೆ. ಇದನ್ನು ಮಕ್ಕಳೇ ಕಂಡುಕೊಂಡಾಗ ಅವರ ಖುಷಿ ನೋಡಬೇಕು!

ಇಲ್ಲಿ ನಮ್ಮ ಕಿತ್ತಳೆಯ ಮಾತು ಹೇಳಲೇಬೇಕು. ಮಕ್ಕಳಿಗೆ ಕಿತ್ತಳೆ ಮಾಡಿ ಅಂದರೆ ತಕ್ಷಣ ಕೇಸರಿ ಹಾಳೆ ಎತ್ತಿಕೊಳ್ಳುತ್ತಾರೆ. ಚಿತ್ರದ ಪುಸ್ತಕದಲ್ಲೆಲ್ಲ ಹಾಗೇ ಇರುತ್ತದೆ ಅಲ್ವಾ? ಆದರೆ ಕೊಡಗಿನ ಕಿತ್ತಳೆ ಹಣ್ಣಾದಾಗಲೂ ಹಸಿರು ಬೆರೆತ ಹಳದಿ. ಸಿಪ್ಪೆ ಬಿಗಿ, ರುಚಿ ಹುಳಿ ಸಿಹಿ. ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಈ ಸೀಮೆಯದೇ ವಿಶೇಷ ಎಂಬ ಅಧಿಕೃತ ಗುರುತು, ಸಿಕ್ಕಿರುವ ಹಣ್ಣು ಇದು. ಹಿಂದೆ ಕಾಫಿ ತೋಟದ ನಡುವೆ ಧಾರಾಳವಾಗಿದ್ದ ಗಿಡಗಳು ರೋಗದಿಂದ ಬಹಳ ಕಡಿಮೆಯಾಗಿವೆ. ಮಗು ಅದನ್ನು ಗಿಡದಲ್ಲಿ ನೋಡದೇ ಇದ್ದರೂ ಅದರ ಬಣ್ಣವಾದರೂ ಸರಿಯಾಗಿ ಗೊತ್ತಿರಲಿ ಎಂದು ನನಗೆ ಆಸೆ. ಹರಿದು ಅಂಟಿಸುವಾಗ ಇದು ತುಂಬ ಸುಲಭ. ಹಳದಿ ಚೂರು, ತಿಳಿ ಹಸಿರು ಚೂರು, ಅಲ್ಲಲ್ಲಿ ಒಂದೆರಡು ಕೇಸರಿ ಚೂರು ಸೇರಿಸಿದರೆ ಸಾಕು. ಒಂದೇ ಬಣ್ಣದ ಹಾಳೆ ಕತ್ತರಿಸಿ ಮಾಡುವ ಯಾವ ವಿಧಾನದಲ್ಲೂ ಈ ಬೆರಕೆ ಬರುವುದಿಲ್ಲ.

ಪಟ್ಟಿ ಹಣ್ಣು ನೋಡಲು ಎಲ್ಲಕ್ಕಿಂತ ಚೆಂದ. ಎ4 ಹಾಳೆಯನ್ನು ಅಡ್ಡಕ್ಕೆ ಒಂದೂವರೆ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದರೆ 21 ಸೆಂಟಿಮೀಟರ್ ಉದ್ದದ ಪಟ್ಟಿಗಳು ಸಿಗುತ್ತವೆ. ನಾಲ್ಕು ಪಟ್ಟಿಗಳನ್ನು ನಕ್ಷತ್ರದ ಹಾಗೆ ಒಂದರ ಮೇಲೊಂದು ಇಟ್ಟು ನಡುವೆ ಅಂಟಿಸಿ, ತುದಿಗಳನ್ನು ಒಂದೊಂದಾಗಿ ಮೇಲಕ್ಕೆ ತಂದು ಸೇರಿಸಬೇಕು. ಸುಮಾರು ಆರು ಸೆಂಟಿಮೀಟರ್ ಅಡ್ಡಗಲದ ಗುಂಡು ಹಣ್ಣಾಗುತ್ತದೆ. ತೊಟ್ಟು, ಎಲೆ ಇಟ್ಟು ದಾರ ಕಟ್ಟಿದರೆ ಮನೆಗೆ ಬಂದವರೆಲ್ಲ ಕೇಳುತ್ತಾರೆ, ಯಾರು ಮಾಡಿದ್ದು ಅಂತ. ಉತ್ತರ ಅಲ್ಲೇ ಕಷ್ಟ. ಐದು ವರ್ಷದೊಳಗಿನ ಮಗು ಎಂಟು ತುದಿಗಳನ್ನು ಒಂದೇ ಕಡೆ ಹಿಡಿದುಕೊಳ್ಳಲು ಆಗುವುದಿಲ್ಲ. ನಾಲ್ಕನೇ ತುದಿ ಬರುವ ಹೊತ್ತಿಗೆ ಮೊದಲನೆಯದು ಬಿಟ್ಟುಕೊಂಡಿರುತ್ತದೆ. ಕೊನೆಗೆ ಅಮ್ಮನೇ ಮಾಡುತ್ತಾಳೆ, ಮಗು ಪಕ್ಕದಲ್ಲಿ ಸುಮ್ನೆ ಕೂರುತ್ತದೆ. ಆರೇಳು ವರ್ಷದವರಿಗೆ ಮಾತ್ರ ಇದನ್ನು ಕೊಡುತ್ತೇನೆ.

ಇದಕ್ಕಿಂತ ನನಗೆ ಇಷ್ಟವಾದದ್ದು ಅರ್ಧ ಮಡಚಿ ಅಂಟಿಸುವ ಹಣ್ಣು. ಒಂದೇ ಅಳತೆಯ ಆರು ವೃತ್ತ ಕತ್ತರಿಸಿ, ಒಂದೊಂದನ್ನೂ ನಡುವೆ ಮಡಚಿ, ಬೆನ್ನಿಗೆ ಬೆನ್ನು ಅಂಟಿಸುತ್ತಾ ಹೋದರೆ ಕೊನೆಗೆ ಉಬ್ಬಿದ ಹಣ್ಣು ಸಿಗುತ್ತದೆ. ಕತ್ತರಿಸುವುದು ದೊಡ್ಡವರ ಕೆಲಸ. ಮಡಚುವುದು, ಅಂಟಿಸುವುದು ಪೂರ್ತಿ ಮಗುವಿನದು. ನಾಲ್ಕೂವರೆ ವರ್ಷದವರೂ ಮಾಡುತ್ತಾರೆ. ಅಂಚಿಗೆ ಅಂಚು ಸ್ವಲ್ಪ ಹೊಂದದಿದ್ದರೂ ಹಣ್ಣು ಕೆಡುವುದಿಲ್ಲ. ವೃತ್ತವೇ ಆಗಬೇಕೆಂದೂ ಇಲ್ಲ. ಎಡ ಬಲ ಒಂದೇ ತೆರನಾದ ಯಾವ ಆಕಾರವಾದರೂ ಸರಿ. ಕುತ್ತಿಗೆ ಸಣ್ಣಗೆ, ಕೆಳಗೆ ದಪ್ಪ ಕತ್ತರಿಸಿದರೆ ಬೆಣ್ಣೆ ಹಣ್ಣು. ಉದ್ದಕ್ಕೆ ಕತ್ತರಿಸಿದರೆ ಪಪ್ಪಾಯ. ಪಟ್ಟಿ ಹಣ್ಣಿನಲ್ಲಿ ಈ ಆಕಾರಗಳು ಬರುವುದೇ ಇಲ್ಲ.

ಕಾಫಿ ಹಣ್ಣಿಗೆ ಮಾತ್ರ ಕ್ರೇಪ್ ಕಾಗದದ (ಸುಕ್ಕು ಸುಕ್ಕಾದ ತೆಳು ಬಣ್ಣದ ಕಾಗದ) ಉಂಡೆಯೇ ಸರಿ. ಮೂರು ಸೆಂಟಿಮೀಟರ್ ಚೌಕದ ಚೂರನ್ನು ಬೆರಳಲ್ಲಿ ಉಂಡೆ ಮಾಡಿ, ಬರೆದ ಕೊಂಬೆಗೆ ಗೊಂಚಲು ಗೊಂಚಲಾಗಿ ಅಂಟಿಸುವುದು. ಹಸಿರು, ಹಳದಿ, ಕೆಂಪು ಮೂರೂ ಇಡಿ. ಯಾವುದು ಕೊಯ್ಯಬೇಕು, ಯಾವುದು ಬಿಡಬೇಕು ಎಂದು ಲೈನ್ ಮನೆಯ ಮಕ್ಕಳು ನನ್ನ ಮಗಳಿಗೆ ಹೇಳಿಕೊಟ್ಟರು. ಎಲೆ ಕಾಂಡಕ್ಕೆ ಸೇರುವ ಗಿಣ್ಣಿನಲ್ಲೇ ಹಣ್ಣು ಇರಬೇಕು, ತುದಿಯಲ್ಲಲ್ಲ ಎಂದು ತಿದ್ದಿದ್ದೂ ಅವರೇ. ತೊಂದರೆ ಎರಡು. ಒದ್ದೆ ಕೈಗೆ ಕ್ರೇಪ್ ಕಾಗದ ಬಣ್ಣ ಬಿಡುತ್ತದೆ, ಬಟ್ಟೆಗೂ ಹತ್ತುತ್ತದೆ. ಇನ್ನೊಂದು, ಮೂರು ವರ್ಷದೊಳಗಿನ ಮಗು ಉಂಡೆಯನ್ನು ಬಾಯಿಗೆ ಹಾಕಿಕೊಳ್ಳಬಹುದು. ಅಷ್ಟು ಚಿಕ್ಕವರಿದ್ದರೆ ಇದನ್ನು ತೆಗೆಯಲೇಬೇಡಿ.

ಪೇಪರ್ ಪ್ಲೇಟನ್ನು ಅರ್ಧ ಮಡಚಿ ಕಲ್ಲಂಗಡಿ ಮಾಡುವುದು ಬೇಗ ಮುಗಿಯುತ್ತದೆ. ಮೇಣದ ಬಳಪ ಹಿಡಿಯುತ್ತದೆ. ಮೇಲೆ ಪ್ಲಾಸ್ಟಿಕ್ ಲೇಪ ಇರುವ ತಟ್ಟೆಗೆ ನೀರಿನ ಬಣ್ಣ ನಿಲ್ಲುವುದಿಲ್ಲ. ಅವಸರಕ್ಕೆ ಒಳ್ಳೆಯದು, ಕೈಗೆ ಕಲಿಕೆ ಕಡಿಮೆ. ಬಲೂನಿನ ಮೇಲೆ ಪೇಪರ್ ಮೆತ್ತಿ ಮಾಡುವ ಹಣ್ಣಿಗೆ ನಮ್ಮ ಮಳೆಗಾಲ ಆಗಿ ಬರುವುದಿಲ್ಲ. ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಫೆಬ್ರವರಿ, ಮಾರ್ಚ್ ಬಿಸಿಲಿಗೆ ಅದನ್ನು ಇಟ್ಟುಕೊಳ್ಳಿ.

ಅಂಟಿನ ವಿಷಯದಲ್ಲೂ ಹವೆಯೇ ತೀರ್ಮಾನ ಮಾಡುತ್ತದೆ. ಬಿಳಿ ಗಮ್ಮಿನಲ್ಲಿ ನೀರಿನ ಅಂಶ ಜಾಸ್ತಿ. ಜುಲೈನಲ್ಲಿ ಕಾಗದ ಅದನ್ನು ಕುಡಿದು ಸುಕ್ಕಾಗುತ್ತದೆ, ಒಣಗಲು ಗಂಟೆಗಟ್ಟಲೆ ಬೇಕು. ಮಡಚುವ ಹಣ್ಣಿಗೆ, ಪಟ್ಟಿ ಹಣ್ಣಿಗೆ ಗ್ಲೂ ಸ್ಟಿಕ್ ತೆಗೆದುಕೊಳ್ಳಿ. ಹರಿದು ಅಂಟಿಸುವುದಕ್ಕೆ ಮೈದಾ ಅಂಟೇ ಸಾಕು. ಮಗು ಬೆರಳು ನೆಕ್ಕಿದರೂ ಭಯವಿಲ್ಲ. ಅದು ಬೇಗ ಹಳಸುತ್ತದೆ, ಹಾಗಾಗಿ ಆಯಾ ದಿನಕ್ಕೆ ಬೇಕಾದಷ್ಟೇ ಬೇಯಿಸಿ. ಬಣ್ಣದ ಹಾಳೆಗಳನ್ನು ಮೇ ತಿಂಗಳಲ್ಲೇ ಕೊಂಡು, ಕವರಿನಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ. ಹೊರಗೆ ಬಿಟ್ಟ ಹಾಳೆ ಮಳೆಗಾಲದ ತಂಪಿಗೆ ಮೆತ್ತಗಾಗುತ್ತದೆ, ಆಮೇಲೆ ಮಗು ಎಷ್ಟು ಒತ್ತಿದರೂ ಮಡಿಕೆ ನಿಲ್ಲುವುದಿಲ್ಲ.