ಮೈಸೂರಲ್ಲಿ ಮೆಟಲ್ ಕೀಕ್ಯಾಪ್ (ಕೀಬೋರ್ಡ್ ಕೀಗಳ ಮೇಲಿನ ಟೋಪಿ) ಇಟ್ಕೊಂಡಿರೋರು ಕ್ಲೀನಿಂಗ್‌ಗೆ ಅಂತ ಅಂಗಡಿಗೆ ಕೊಡೋ ಮುಂಚೆ ಇದನ್ನ ಓದ್ಬಿಡಿ

ಮೊದ್ಲೇ ಹೇಳ್ಬಿಡ್ತೀನಿ, ಅನೊಡೈಸ್ ಆಗಿರೋ, ಅಂದ್ರೆ ಕರೆಂಟ್ ಹರಿಸಿ ಮೇಲೆ ಬಣ್ಣದ ಪದರ ಬೆಳೆಸಿರೋ ಅಲ್ಯೂಮಿನಿಯಂ ಕೀಕ್ಯಾಪ್‌ನ "ಮೆಟಲ್ ತಾನೆ ಸಾರ್, ಬಿಟ್ಟೋಗಿ, ಮಾಡಿಡ್ತೀವಿ" ಅನ್ನೋ ಯಾವ ಅಂಗಡಿಗೂ ಕೊಡ್ಬೇಡಿ. ಕೊಡ್ಲೇಬೇಡಿ. ನನ್ನ ಸೆಟ್ಟು ಹೋಯ್ತು, ದುಡ್ಡು ಹೋಯ್ತು, ಅದರ ಮೇಲೆ ನನ್ನ ಮಾಲೇ ಡೂಪ್ಲಿಕೇಟ್ ಅಂತ ನಾಲ್ಕು ಜನ ಗಿರಾಕಿಗಳ ಮುಂದೆ ಅನ್ನಿಸ್ಕೊಂಡು ಬಂದಿದೀನಿ. ಅಂಗಡಿ ಹೆಸರು ಹಾಕಲ್ಲ, ಹಾಕಿದ್ರೆ ಅದೊಂದು ಬೇರೆ ತಲೆನೋವು ಶುರು ಆಗುತ್ತೆ. ಆದ್ರೆ ಟೈಪ್ ಮಾಡ್ತಾ ಇರೋವಾಗ್ಲೂ ಹೊಟ್ಟೆ ಉರೀತಾ ಇದೆ, ಅದಕ್ಕೆ ಹಿಂದೆ ಮುಂದೆ ಆದ್ರೆ ಅಡ್ಜಸ್ಟ್ ಮಾಡ್ಕೊಳಿ.

ನಂದು 87 ಕೀ ಬೋರ್ಡು. ಕ್ಯಾಪ್‌ಗಳು ಕಡು ನೀಲಿ ಅನೊಡೈಸ್ಡ್ ಅಲ್ಯೂಮಿನಿಯಂ, ಎಸ್ಕೇಪು ಎಂಟರು ಎರಡು ಮಾತ್ರ ಹಿತ್ತಾಳೆ. ಬೋರ್ಡಿಗಿಂತ ಕ್ಯಾಪ್ ದುಬಾರಿ, ಇದನ್ನ ಮನೇಲಿ ಯಾರಿಗೂ ಹೇಳಿಲ್ಲ. ಆಯುಧಪೂಜೆ ದಿನ ನಮ್ಮಮ್ಮ ಸ್ಕೂಟರಿಂದ ಹಿಡಿದು ಮಿಕ್ಸಿ ತನಕ ಎಲ್ಲದಕ್ಕೂ ಅರಿಶಿನ ಕುಂಕುಮ ಇಡ್ತಾ ಕೀಬೋರ್ಡಿಗೂ ಧಾರಾಳವಾಗಿ ಇಟ್ಬಿಟ್ರು, ಅಕ್ಷರ ಕೊರೆದಿರೋ ಸಂದಿಯೊಳಗೆಲ್ಲ ಕುಂಕುಮ ಕೂತ್ಕೊಂಡು ಬೆರಳಿನ ಎಣ್ಣೆ ಜಿಡ್ಡಿನ ಜೊತೆ ಸೇರಿ ಗಟ್ಟಿ ಆಗಿತ್ತು, ಹಿತ್ತಾಳೆ ಎಂಟರ್ ಅಂಚಲ್ಲಿ ಬೆವರಿಗೆ ಹಸಿರು ಬೇರೆ ಹತ್ತಿತ್ತು. ಇಷ್ಟೇ ಕಾಯಿಲೆ.

ಸರಸ್ವತಿಪುರಂ ಕಡೆ ಒಂದು ಕಂಪ್ಯೂಟರ್ ಸರ್ವೀಸ್ ಅಂಗಡಿ, ಹೊರಗಡೆ "ಗೇಮಿಂಗ್ ಕೀಬೋರ್ಡ್ ಡೀಪ್ ಕ್ಲೀನಿಂಗ್" ಅಂತ ದೊಡ್ಡ ಬೋರ್ಡು. ಓನರ್ ಕೌಂಟರ್ ಮೇಲಿದ್ದ ಶಬ್ದದ ಕಂಪನದಲ್ಲಿ ಕೊಳೆ ಬಿಡಿಸೋ ಅಲ್ಟ್ರಾಸಾನಿಕ್ ಮೆಷಿನ್ನು, ಅದೇ ಕನ್ನಡಕದ ಅಂಗಡೀಲಿ ಇರುತ್ತಲ್ಲ ಚಿಕ್ಕ ಸ್ಟೀಲ್ ತೊಟ್ಟಿ ಇರೋದು, ಅದನ್ನ ತಟ್ಟಿ ತೋರ್ಸಿ "ಇದ್ರಲ್ಲಿ ಹಾಕ್ಬಿಟ್ರೆ ಎಲ್ಲಾ ಬಿಟ್ಕೊಳುತ್ತೆ ಸಾರ್, ಕೈಯಲ್ಲಿ ಉಜ್ಜೋದೇ ಇಲ್ಲ" ಅಂದ್ರು. ಅದು ಸರಿಯಾದ ವಿಧಾನನೇ, ಸಪ್ಪೆ ಸೋಪು ನೀರಲ್ಲಿ ಸ್ವಲ್ಪ ಹೊತ್ತು ಅಲ್ಟ್ರಾಸಾನಿಕ್ ಆದ್ರೆ ಸಾಮಾನ್ಯವಾಗಿ ಅನೊಡೈಸಿಂಗ್‌ಗೆ ಏನೂ ಆಗಲ್ಲ. ಇದು ಅನೊಡೈಸ್ಡ್ ಅಣ್ಣ, ಆಸಿಡ್ ಗೀಸಿಡ್ ಏನೂ ತಾಗಿಸ್ಬೇಡಿ ಅಂತ ನಾನು ಬಾಯ್ಬಿಟ್ಟು ಹೇಳ್ದೆ. "ಗೊತ್ತು ಸಾರ್, ದಿನಾ ಮಾಡೋದೇ ಇದು." 850 ರೂಪಾಯಿ ಅಂತ ಮಾತಾಯ್ತು.

ತಗೊಳೋಕೆ ಹೋದಾಗ ಮೊದಲು ಬಿಲ್ಲು. 1,400. ಯಾಕಣ್ಣ ಅಂದ್ರೆ "ಸ್ಪೆಷಲ್ ಕೆಮಿಕಲ್ ಹಾಕಿದೀವಿ ಸಾರ್, ರಿಸಲ್ಟ್ ನೋಡಿ, ನೀವೇ ಎಕ್ಸ್ಟ್ರಾ ಕೊಡ್ತೀರ". ಸ್ಪೆಷಲ್ ಕೆಮಿಕಲ್ ಅಂದ ತಕ್ಷಣ ಎದೆ ಧಸಕ್ ಅಂತು. ಜಿಪ್ ಕವರ್ ತೆಗೆದು ಕೌಂಟರ್ ಮೇಲೆ ಸುರಿದ್ರು ನೋಡಿ, ಒಂದು ಕ್ಷಣ ಬೇರೆ ಯಾರದೋ ಮಾಲು ಅನ್ಕೊಂಡೆ, ನಿಜವಾಗ್ಲೂ. ನೀಲಿ ಅನ್ನೋದೇ ಇಲ್ಲ. ಎಲ್ಲಾ ಬಿಳಿ, ಹೋಟ್ಲಲ್ಲಿ ನೀರು ಕೊಡೋ ಸ್ಟೀಲ್ ಲೋಟದ ತರ ಥಳಥಳ, ನಡು ನಡುವೆ ಬೂದಿ ಬಣ್ಣದ ಮಚ್ಚೆ. ಒಂದು ತಗೊಂಡು ಬೆಳಕಿಗೆ ಹಿಡಿದೆ, ಅಕ್ಷರ ಇಲ್ಲ. ಇನ್ನೊಂದರಲ್ಲಿ ಅರ್ಧ ಇದೆ, ಆರ್ ಆಗಿತ್ತೋ ಪಿ ಆಗಿತ್ತೋ ದೇವರಿಗೇ ಗೊತ್ತು. ಎಫ್ ಮತ್ತೆ ಜೆ ಮೇಲೆ ಬೆರಳಿಗೆ ಸಿಗೋ ಸಣ್ಣ ಗೆರೆ ಇರುತ್ತಲ್ಲ, ಅದನ್ನೂ ಸವೆಸಿ ನುಣ್ಣಗೆ ಮಾಡಿದಾರೆ. ತಿರುಗಿಸಿ ನೋಡಿದ್ರೆ ಸ್ವಿಚ್ ಕೂರೋ ಪ್ಲಸ್ ಆಕಾರದ ತೂತಿನೊಳಗೆ ಹಸಿರು ಮೇಣ. ಪಾಲಿಶ್ ಸೋಪು! ತಿರುಗಿಸಿ ಪಾಲಿಶ್ ಹೊಡೆಯೋ ಬಫಿಂಗ್ ವೀಲ್‌ಗೆ ಹಚ್ತಾರಲ್ಲ, ಅದು.

ನಾನು ಕೈಯಲ್ಲಿ ಹಿಡ್ಕೊಂಡು ಬಾಯಿ ಬಿಟ್ಕೊಂಡು ನಿಂತಿದ್ರೆ ಓನರ್ ನಗ್ತಾ ಹೇಳಿದ್ದು: "ಏನ್ ಶೈನಿಂಗ್ ಬಂದಿದೆ ನೋಡಿ ಸಾರ್!"

ಅಲ್ಲೇ ನಿಂತಿದ್ದ ಕೆಲಸದ ಹುಡುಗ, ಪಾಪ ಅವನಿಗೆ ಏನೂ ಗೊತ್ತಿಲ್ಲ, ಖುಷಿಯಿಂದ ಹೇಳ್ಬಿಟ್ಟ, "ಅಣ್ಣ, ಪಾತ್ರೆ ಪಾಲಿಶ್ ಮಾಡೋರ ಹತ್ರ ಕೊಟ್ಟಿದ್ವಿ, ಕಾಸ್ಟಿಕ್ ನೀರಿಗೆ ಹಾಕಿದ ತಕ್ಷಣ ಬುಸ್ ಅಂತ ನೊರೆ ಬಂತು, ಕಲರೆಲ್ಲ ಬಿಟ್ಕೊಂಡ್ಬಿಡ್ತು". ಓನರ್ ಅವನನ್ನ ಗುರಾಯಿಸಿ ಟೀ ತರೋಕೆ ಕಳಿಸಿದ್ರು. ಆಮೇಲೆ ಆ ಅಲ್ಟ್ರಾಸಾನಿಕ್ ಮೆಷಿನ್ ಮುಚ್ಚಳ ನಾನೇ ಎತ್ತಿ ನೋಡ್ದೆ. ಒಳಗಡೆ ಸ್ಟೇಪ್ಲರು, ರಬ್ಬರ್ ಬ್ಯಾಂಡು, ಒಂದು ಹಳೇ ಚಾರ್ಜರ್. ಅದಕ್ಕೆ ನೀರು ಹಾಕಿ ಯಾವ ಕಾಲ ಆಯ್ತೋ. ಯಾಮಾರಿದೆ ಅಂತ ಪೂರ್ತಿ ಅರ್ಥ ಆಗಿದ್ದು ಆ ಸ್ಟೇಪ್ಲರ್ ನೋಡಿದಾಗ್ಲೇ.

ಜಗಳ ಶುರು ಮಾಡಿದೆ. ಬಂದ ಉತ್ತರ ಕೇಳಿ. ಮೊದಲು "ಕ್ಲೀನ್ ಮಾಡಿ ಅಂದ್ರಿ, ಕ್ಲೀನ್ ಆಗಿದೆಯಲ್ಲ ಸಾರ್, ಒಂದು ಚೂರು ಕುಂಕುಮ ಇದ್ರೆ ತೋರ್ಸಿ". ಆಮೇಲೆ "ಒರಿಜಿನಲ್ ಮಾಲಾಗಿದ್ರೆ ಕಲರ್ ಹೋಗ್ತಾನೇ ಇರ್ಲಿಲ್ಲ, ಯಾರೋ ನಿಮಗೆ ಪೇಂಟ್ ಹೊಡೆದು ಕೊಟ್ಟಿದಾರೆ". ತಾವು ಮಾಡಿದ್ದಕ್ಕೆ ನನ್ನ ಮೇಲೇ ಗೂಬೆ ಕೂರ್ಸೋದು! ಪಕ್ಕದಲ್ಲಿ ಪ್ರಿಂಟರ್ ರಿಪೇರಿಗೆ ಬಂದಿದ್ದ ಯಜಮಾನ್ರು ಬೇರೆ "ಆನ್‌ಲೈನಲ್ಲಿ ತಗೊಂಡ್ರೆ ಹಂಗೇ ಕಣಪ್ಪ" ಅಂತ ತಲೆ ಆಡಿಸ್ತಾರೆ. ನಾಚಿಕೆ ಆಗೋಯ್ತು.

ಆ ಯಜಮಾನ್ರಿಗೆ ಅಲ್ಲಿ ಹೇಳೋಕೆ ಆಗಿಲ್ಲ, ಇಲ್ಲಿ ಹೇಳ್ತೀನಿ. ಅನೊಡೈಸಿಂಗ್ ಅಂದ್ರೆ ಪೇಂಟ್ ಅಲ್ಲ. ಅಲ್ಯೂಮಿನಿಯಂನ ಆಸಿಡ್ ದ್ರಾವಣದಲ್ಲಿ ಮುಳುಗಿಸಿ ಕರೆಂಟ್ ಹರಿಸಿದಾಗ ಅದರ ಮೈಯೇ ಆಕ್ಸೈಡ್ ಪದರ ಆಗಿ ಬೆಳೆಯುತ್ತೆ, ಅದರಲ್ಲಿರೋ ಕಣ್ಣಿಗೆ ಕಾಣದ ತೂತುಗಳಿಗೆ ಬಣ್ಣ ತುಂಬಿ ಸೀಲ್ ಮಾಡ್ತಾರೆ. ಗಟ್ಟಿ ಪದರನೇ, ಆದ್ರೆ ದಪ್ಪ ಲೆಕ್ಕ ಹಾಕೋದು ಮೈಕ್ರಾನ್‌ಗಳಲ್ಲಿ. ಕಾಸ್ಟಿಕ್ ಸೋಡಾ ಬಿದ್ರೆ ಆ ಪದರನೂ ಕರಗುತ್ತೆ, ಕೆಳಗಿನ ಅಲ್ಯೂಮಿನಿಯಂ ಕೂಡ ಕರಗುತ್ತೆ. ಹುಡುಗ ನೋಡಿದ ನೊರೆ ಬೇರೇನಲ್ಲ, ಹೈಡ್ರೋಜನ್ ಗ್ಯಾಸು. ಹಳೇ ಅನೊಡೈಸಿಂಗ್ ಕಿತ್ತು ಹಾಕ್ಬೇಕು ಅಂದ್ರೆ ಬೇಕಂತಲೇ ಇದನ್ನೇ ಮಾಡೋದು ಸ್ವಾಮಿ! ಒರಿಜಿನಲ್ ಆದ್ರೂ ಹೋಗುತ್ತೆ, ಡೂಪ್ಲಿಕೇಟ್ ಆದ್ರೂ ಹೋಗುತ್ತೆ.

ಹಿತ್ತಾಳೆ ಎರಡು ಕೀ ಮಾತ್ರ ಚೆನ್ನಾಗೇ ಬಂದಿವೆ, ಪಾತ್ರೆಯವರಿಗೆ ಗೊತ್ತಿರೋದು ಅದು ತಾನೆ. ಅವರ ತಪ್ಪು ಅಂತ ನಾನು ಹೇಳಲ್ಲ, ಅವರಿಗೆ ಯಾರೂ ಇದು ಏನು ಅಂತ ಹೇಳೇ ಇಲ್ಲ.

ವಾಟ್ಸಾಪಲ್ಲಿ ಫೋಟೋ ಸಮೇತ ಕಳಿಸ್ದೆ. ಬ್ಲೂ ಟಿಕ್. ಮತ್ತೆ ಕಳಿಸ್ದೆ, ಕೈ ಮುಗಿದಿರೋ ಎಮೋಜಿ ಬಂತು. ಆಮೇಲೆ "ಮಾಲು ಒಪ್ಪಿಸಿ ಆಯ್ತು ಸಾರ್, ಬೇಕಾದ್ರೆ ಪ್ಲಾಸ್ಟಿಕ್ ಸೆಟ್ ಒಂದಿದೆ, ಡಿಸ್ಕೌಂಟಲ್ಲಿ ಹಾಕ್ಕೊಡ್ತೀನಿ". ಡಿಸ್ಕೌಂಟಲ್ಲಿ ಅಂತೆ!

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡೋ ಫ್ರೆಂಡ್ ಹತ್ರ ವಿಚಾರಿಸಿದೆ. ಮತ್ತೆ ಅನೊಡೈಸ್ ಮಾಡಿಸ್ಬಹುದು, ಆದ್ರೆ ಒಂದೊಂದು ಕ್ಯಾಪನ್ನೂ ಕರೆಂಟ್ ತಗಲೋ ಹಾಗೆ ಬೇರೆ ಬೇರೆಯಾಗಿ ಸಿಕ್ಕಿಸ್ಬೇಕು, ಅಕ್ಷರ ಮತ್ತೆ ಲೇಸರಲ್ಲಿ ಹೊಡಿಸ್ಬೇಕು, ಇಷ್ಟು ಚಿಲ್ರೆ ಕೆಲಸ ಯಾರೂ ಮುಟ್ಟಲ್ಲ ಅಂದ. ಸದ್ಯಕ್ಕೆ ಹಾಗೇ ಹಾಕ್ಕೊಂಡಿದೀನಿ, ಬರೀ ಅಲ್ಯೂಮಿನಿಯಂ ಅಲ್ವಾ, ಸ್ವಲ್ಪ ಹೊತ್ತು ಟೈಪ್ ಮಾಡಿದ್ರೆ ಬೆರಳ ತುದಿಗೆ ಕಪ್ಪು ಹತ್ತುತ್ತೆ.

ನೀವು ಮಾಡೋದಾದ್ರೆ ಮನೇಲೇ ಮಾಡ್ಕೊಳಿ. ವೈರ್ ಪುಲ್ಲರಲ್ಲಿ (ಕ್ಯಾಪ್ ಕೀಳೋ ತಂತಿ ಇಕ್ಕಳ) ನೇರವಾಗಿ ಮೇಲಕ್ಕೆ ಎಳೀರಿ, ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತಗಿನ ಬ್ರಷ್, ಆಮೇಲೆ ಬಟ್ಟೇಲಿ ಒರೆಸಿ ತೂತು ಒಣಗೋ ತನಕ ಬಿಡಿ. ಜಿಡ್ಡು ಬಿಡ್ಲಿಲ್ಲ ಅಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತೀಲಿ. ಒಳಗಡೆ ಸ್ವಿಚ್ ಮೇಲೆ ಕೂರೋ ಪ್ಲಾಸ್ಟಿಕ್ ಸ್ಟೆಮ್ ಅಂಟಿಸಿರೋ ಕ್ಯಾಪ್ ಆದ್ರೆ ಕುದಿಯೋ ನೀರು ಬೇಡ, ಅಂಟು ಬಿಟ್ಕೊಳುತ್ತೆ. ಹುಣಸೆಹಣ್ಣು ನಿಂಬೆಹಣ್ಣು ಬರೀ ಹಿತ್ತಾಳೆಗೆ, ಅದೂ ಮೇಲೆ ಲ್ಯಾಕರ್ ಕೋಟಿಂಗ್ ಇಲ್ದಿದ್ರೆ ಮಾತ್ರ. ಜಿಂಕ್ ಮೇಲೆ ಪ್ಲೇಟಿಂಗ್ ಮಾಡಿರೋ ಕ್ಯಾಪ್‌ಗೆ ಬಫಿಂಗ್ ಅನ್ನೋ ಪದಾನೇ ಎತ್ಬೇಡಿ. ಯಾರಾದ್ರೂ ಮೆಷಿನ್ ತೋರ್ಸಿದ್ರೆ ಮುಚ್ಚಳ ಎತ್ತಿ ನೋಡಿ.

ಸರಿಯಾದ ಬಿಲ್ ಕೊಟ್ಟಿರ್ಲಿಲ್ಲ, ಬರೀ ಚೀಟಿ. ಯುಪಿಐ ಸ್ಕ್ರೀನ್‌ಶಾಟು, ವಾಟ್ಸಾಪ್ ಚಾಟು, ಮುಂಚಿನ ಫೋಟೋ ಎಲ್ಲಾ ಸೇರಿಸಿ ಇಟ್ಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಹಾಕಿದೀನಿ. ಅದಕ್ಕೂ ಜಗ್ಗಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದ ಒಳಗಿನ ಕೇಸಿಗೆ ಫೀಸ್ ಇಲ್ಲ. ಇದೇ ಡೀಪ್ ಕ್ಲೀನಿಂಗ್ ಬೋರ್ಡು ನೋಡ್ಕೊಂಡು ಹೋಗಿ ಯಾಮಾರಿರೋರು ಬೇರೆ ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಒಟ್ಟಿಗೇ ಹೋಗೋಣ.